ಮುಯ್ಯಾಳಿನ ಮನೆಯೂ ನಮ್ಮ ವ್ಯಾಪಾರವೂ

ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಹೆಸರು ಹೇಳಿದೊಡನೆ ನೆನಪಾಗುವುದು ಸೌತಡ್ಕದ ಮಹಾಗಣಪತಿ. ಗುಡಿಯಿಲ್ಲದೆ, ಬಯಲಿನಲ್ಲಿಯೇ ಪೂಜೆಗೊಳ್ಳುವ ದೇವರು. ದೇವರಿಗೆ ಸೂರು ಬೇಡವಾದರೂ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಮನುಷ್ಯನಿಗೆ ಅದು ಬೇಕೇ ಬೇಕು. ಕೂಲಿಯನ್ನೇ ನಂಬಿದ ಕುಟುಂಬವೊಂದು ಆ ಸೂರನ್ನು ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದು ಸಿಮೆಂಟು, ಕಲ್ಲು, ಹಂಚು, ಕಬ್ಬಿಣಗಳ ವ್ಯವಹಾರದಲ್ಲಿರುವ ನಮ್ಮ ಸದಸ್ಯರು ಅರಿತಿರಬೇಕಾದ ವಿಷಯ.

ಬೇಸಾಯದಲ್ಲಿ ಮುಯ್ಯಾಳಿನ ಪದ್ಧತಿ ಹಳೆಯದು. ಇಂದು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು, ಮುಂದೆ ಈ ಪದ್ಧತಿಗೆ ‘ಪ್ರಗತಿಬಂಧು’ ಎಂಬ ವ್ಯವಸ್ಥಿತ ರೂಪವನ್ನು ನೀಡಿತು. ಐದರಿಂದ ಎಂಟು ಮಂದಿ ಸಣ್ಣ ರೈತರು ಅಥವಾ ಕಾರ್ಮಿಕರ ತಂಡ. ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಾಗದಲ್ಲಿ ಕೂಲಿಯಿಲ್ಲದ ದುಡಿಮೆ. ಜೊತೆಗೆ ವಾರದ ಉಳಿತಾಯ ಮತ್ತು ತಂಡದ ಹೊಣೆಯ ಮೇಲೆ ಸಾಲ. ಬಾವಿ ತೋಡಲು, ತೋಟ ಮಾಡಲು ಒದಗಿದ ಈ ಶ್ರಮವು ಮನೆ ಕಟ್ಟುವುದಕ್ಕೂ ಒದಗಿತು.

ಇದರ ಲೆಕ್ಕವನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ಆರು ಮಂದಿಯ ತಂಡವು ಹನ್ನೆರಡು ವಾರ ಒಂದೇ ಮನೆಗೆ ದುಡಿದರೆ 72 ಆಳುದಿನ. ಅದರಲ್ಲಿ 60 ಇತರರದು. ಅಷ್ಟನ್ನೂ ಆ ಮನೆಯವರು ದುಡಿದೇ ತೀರಿಸಬೇಕು. ಮಳೆ ನಿಂತು ಮತ್ತೆ ಹಿಡಿಯುವುದರೊಳಗೆ ಕಟ್ಟಡದ ಕೆಲಸಕ್ಕೆ ಸಿಗುವುದು ಹೆಚ್ಚೆಂದರೆ 26 ವಾರ. ಹೀಗಾಗಿ ವರ್ಷಕ್ಕೆ ಎರಡು ಮನೆ, ಆರು ಮನೆಗಳಿಗೆ ಮೂರು ವರ್ಷ. ಮೊದಲ ಮನೆಯವನು ಹೊಸ ಸೂರಿನಡಿ ಮಲಗಿ, ಮೂರನೆಯ ವರ್ಷವೂ ಕೊನೆಯವನ ಪಾಯ ಅಗೆಯಲು ಬರುತ್ತಾನೆಯೇ? ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1960ರ ದಶಕದಿಂದ ಕೃಷಿಕಾರ್ಮಿಕರು ಇದೇ ರೀತಿ ಕೂಡಿ ಮನೆ ಕಟ್ಟುತ್ತಿದ್ದಾರೆ. ಅಲ್ಲಿ ಗುಂಪಿನ ಎಲ್ಲ ಮನೆಗಳೂ ಪೂರ್ಣಗೊಳ್ಳುವವರೆಗೆ ಯಾರೂ ಒಕ್ಕಲಾಗುವಂತಿಲ್ಲ ಎಂಬುದು ನಿಯಮ. ಮುಂಗಾರು ಬಾಗಿಲಿಗೆ ಬಂದು ನಿಂತಿರುವಾಗ ನಮ್ಮಲ್ಲಿ ಅಂಥ ನಿಯಮ ನಡೆಯದು. ಇಲ್ಲಿ ವಾರದ ಸಭೆಯೂ ನೆರೆಹೊರೆಯ ದಾಕ್ಷಿಣ್ಯವೂ ಆ ಕೆಲಸ ಮಾಡಬೇಕು.

ಮುಯ್ಯಾಳಿನಿಂದ ಉಳಿಯುವುದು ಕೂಲಿಯ ಒಂದು ಭಾಗ ಮಾತ್ರ. ಪಾಯ ಅಗೆಯುವುದು, ಮುರಕಲ್ಲು ಹೊರುವುದು, ಗಾರೆ ಕಲಸುವುದು, ಪಂಚಾಂಗಕ್ಕೆ ಮಣ್ಣು ತುಂಬುವುದು, ಗೋಡೆಗೆ ನೀರುಣಿಸುವುದು ತಂಡದ ಪಾಲು. ಕಲ್ಲು ಕಟ್ಟುವ ಮೇಸ್ತ್ರಿ, ಬಡಗಿ, ವಿದ್ಯುತ್ ಕೆಲಸದವರಿಗೆ ಹಣವನ್ನೇ ಕೊಡಬೇಕು. ಹಂಚಿನ ಮಾಡು ಈ ಪದ್ಧತಿಗೆ ಬಹಳ ಒಗ್ಗಿದ್ದು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಕಾರ್ಖಾನೆ ತೆರೆದಂದಿನಿಂದ ನಮ್ಮ ಜಿಲ್ಲೆಗೆ ಪರಿಚಿತವಾದ ಆ ಹಂಚನ್ನು ಕೈಯಿಂದ ಕೈಗೆ ದಾಟಿಸಿ ಮೇಲೇರಿಸಬಹುದು. ಒಡೆದುದನ್ನು ಮಾತ್ರ ಬದಲಿಸಬಹುದು. ತಾರಸಿಯಾದರೆ ಎರಕದ ದಿನ ಆರು ಮಂದಿ ಸಾಲದು, ಎರಡು ಮೂರು ತಂಡಗಳು ಕೂಡಬೇಕು.

ಇನ್ನು ವ್ಯಾಪಾರದ ಮಾತು. ಇಂಥ ಮನೆಯ ಸಾಮಗ್ರಿ ಒಂದೇ ಲೋಡಿನಲ್ಲಿ ಹೋಗುವುದಿಲ್ಲ. ಇಂದು ಹತ್ತು ಚೀಲ ಸಿಮೆಂಟು, ತಿಂಗಳು ಕಳೆದು ಐದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯು ಕನಿಷ್ಠ 25 ಚದರ ಮೀಟರಿನ ಮನೆಗೆ ಬಯಲು ಪ್ರದೇಶದಲ್ಲಿ 1.20 ಲಕ್ಷ ರೂಪಾಯಿ ನೆರವನ್ನು ಗೊತ್ತುಪಡಿಸಿತು. ಆ ಹಣ ಬರುವುದು ಕಂತುಗಳಲ್ಲಿ, ಕೆಲಸ ಒಂದು ಹಂತ ಮುಟ್ಟಿದ ಮೇಲೆ. ಆ ಹಂತ ಮುಟ್ಟಲು ಬೇಕಾದ ಸಾಮಗ್ರಿಯನ್ನು ಅಲ್ಲಿಯವರೆಗೆ ಯಾರು ಕೊಡುತ್ತಾರೆ? ಹೆಚ್ಚಿನ ವೇಳೆ ಪೇಟೆಯ ಅಂಗಡಿಯೇ. ಏಪ್ರಿಲಿನಲ್ಲಿ ಕಡ ನಿರಾಕರಿಸಿದರೆ ಲಿಂಟಲ್ ಮಟ್ಟದಲ್ಲಿ ನಿಂತ ಗೋಡೆ ಮಾಡಿಲ್ಲದೆ ಮಳೆಗಾಲ ಕಳೆಯಬೇಕು. ಮಣ್ಣಿನ ಗಾರೆಯಲ್ಲಿ ಕಟ್ಟಿದ್ದಾದರೆ ಸಂದು ತೊಳೆದುಹೋಗಿ ಹನ್ನೆರಡು ವಾರಗಳ ದುಡಿಮೆಯೇ ಕುಸಿಯಬಹುದು. ವೈಯಕ್ತಿಕ ಮಾತಿಗಿಂತ ತಂಡದ ನಿರ್ಣಯ ಪುಸ್ತಕವನ್ನು ನೋಡಿ ಕಡ ಕೊಡುವುದು ಮೇಲು ಎಂಬುದು ಈ ಲೇಖಕನ ಅಭಿಪ್ರಾಯ. ವಾರದ ಕೆಲಸ ತಪ್ಪದೆ ನಡೆದ ತಂಡ ಬಾಕಿಯನ್ನೂ ಸುಲಭವಾಗಿ ಮರೆಯುವುದಿಲ್ಲ.

ಆದರೆ ಎಲ್ಲರಿಗೂ ದಿನವೊಂದನ್ನು ಕೊಡುವ ಶಕ್ತಿಯಿಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತ ಗೇರು ತೋಪುಗಳಿಗೆ ಹಿಂದೆ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ಬಾಧಿತರಾದವರಿರುವ ಮನೆಗಳಿವೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. ಹಾಸಿಗೆ ಹಿಡಿದವರ ಆರೈಕೆ ಅಷ್ಟಕ್ಕೇ ಮುಗಿಯಲಿಲ್ಲ. ಒಬ್ಬರು ಸದಾ ಮನೆಯಲ್ಲಿರಲೇಬೇಕಾದ ಕುಟುಂಬವು ಮುಯ್ಯಿ ತೀರಿಸುವುದು ಹೇಗೆ? ಅಂಥವರ ಪಾಲಿನ ಆಳುದಿನಗಳನ್ನು ತಂಡ ಬಿಟ್ಟುಕೊಡಬಹುದು. ಹಂಚು, ಸಿಮೆಂಟುಗಳನ್ನು ಅಸಲು ಬೆಲೆಗೆ ಒದಗಿಸುವುದು ಪೇಟೆಯ ನಮ್ಮಿಂದ ಆಗಬಹುದಾದ ಕೆಲಸ, ಅದೂ ಮೇ ತಿಂಗಳಿಗೆ ಮುಂಚೆ.