ವಾಲ್ವ್ ಶಬ್ದವರ್ಧಕದ ವಿದ್ಯುತ್ ಪೂರೈಕೆ

ಗಿರಿನಗರದ ಮನೆಯೊಂದರಲ್ಲಿ ಕೈಯಾರೆ ಕಟ್ಟಿದ ವಾಲ್ವ್ ಶಬ್ದವರ್ಧಕದಿಂದ ವೀಣೆಯನ್ನು ಕೇಳುವವನಿಗೆ, ತಂಬೂರಿಯ ಶ್ರುತಿಗೆ ಹೊಂದದ ಗುಂಯ್ ಎಂಬ ನಾದವೊಂದು ಜೊತೆಗೂಡಿ ಕೇಳಿಸಿದರೆ, ದೋಷವು ಬಹುಮಟ್ಟಿಗೆ ವಾಲ್ವಿನದಲ್ಲ. ಅದಕ್ಕೆ ವಿದ್ಯುತ್ತನ್ನು ಒದಗಿಸುವ ಭಾಗದ್ದು.

ವಾಲ್ವಿನ ತಂತುವನ್ನು ಕಾಯಿಸಲು ಸಾಮಾನ್ಯವಾಗಿ 6.3 ವೋಲ್ಟು ಸಾಕು. ಅದರ ಪ್ಲೇಟಿಗಾದರೋ ಸುಮಾರು 300 ವೋಲ್ಟುಗಳ ಏಕಮುಖ ಪ್ರವಾಹವು ಬೇಕು. ಗೋಡೆಯಿಂದ ದೊರೆಯುವುದು ಸೆಕೆಂಡಿಗೆ 50 ಆವರ್ತನಗಳ ಪರ್ಯಾಯ ಪ್ರವಾಹ. ಟ್ರಾನ್ಸ್‌ಫಾರ್ಮರು ಏರಿಸಿಕೊಟ್ಟ ಇದರ ಎರಡು ಅರ್ಧಗಳನ್ನೂ ರೆಕ್ಟಿಫೈಯರು ಒಂದೇ ದಿಕ್ಕಿಗೆ ತಿರುಗಿಸುವುದರಿಂದ ಸೆಕೆಂಡಿಗೆ 100 ಅಲೆಗಳು ಉಳಿಯುತ್ತವೆ. ಗುಂಯ್‌ಗುಟ್ಟುವುದು ಇವೇ. ಇವನ್ನು ಚೋಕ್ ಸುರುಳಿಯು ತಡೆಯುತ್ತದೆ. ತಪ್ಪಿಸಿಕೊಂಡು ಬಂದುದನ್ನು ಕಂಡೆನ್ಸರು ನುಂಗುತ್ತದೆ. ಈ ಕ್ರಿಯೆಗೆ ‘ಸೋಸುವುದು’ ಎಂಬ ಅಡುಗೆಮನೆಯ ಮಾತೇ ಸಲ್ಲುವುದು. ಬೇರೆ ಪರಿಭಾಷೆಯನ್ನು ಹುಡುಕಬೇಕಾಗಿಲ್ಲ.

ಹಿಂದೆ ಮೈಸೂರು ಸೀಮೆಯಲ್ಲಿ ಈ ಕೆಲಸವು ಇನ್ನೂ ಕಠಿನವಾಗಿದ್ದಿತು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ದೀಪಗಳಿಗೂ ಹರಿದ ಶಿವನಸಮುದ್ರದ ವಿದ್ಯುತ್ತು ಸೆಕೆಂಡಿಗೆ 25 ಆವರ್ತನಗಳದು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಪ್ರಸಾರವನ್ನು ಆರಂಭಿಸಿದಾಗಲೂ ಊರಿಗೆ ಬರುತ್ತಿದ್ದುದು ಶಿವನಸಮುದ್ರದ ವಿದ್ಯುತ್ತೇ. 50 ಆವರ್ತನಗಳಿಗೆಂದು ಮಾಡಿದ ಟ್ರಾನ್ಸ್‌ಫಾರ್ಮರನ್ನು ಇದಕ್ಕೆ ಹಚ್ಚಿದರೆ ಕಾದು ಸುಟ್ಟುಹೋಗುವ ಭಯವಿದ್ದಿತು. ತಿರುಳಿಗೆ ಹೆಚ್ಚುಕಡಮೆ ಇಮ್ಮಡಿ ಕಬ್ಬಿಣ ಬೇಕಾಗುತ್ತಿತ್ತು. ಅಲೆಗಳು ಸೆಕೆಂಡಿಗೆ 50ಕ್ಕೆ ಇಳಿದುದರಿಂದ, ಅದೇ ಚೋಕು ಅದೇ ಕಂಡೆನ್ಸರುಗಳಿಂದ ಸೋಸಿದರೂ ಸುಮಾರು ನಾಲ್ಮಡಿ ಅಲೆ ಉಳಿಯುತ್ತಿತ್ತು. ಹಳೆಯ ಪೆಟ್ಟಿಗೆಗಳ ತೂಕವನ್ನು ಕಂಡು ನಗುವವರು ಇದನ್ನು ನೆನೆಯಬೇಕು. ಮುಂದೆ ನಾಡು 50 ಆವರ್ತನಗಳಿಗೆ ಮಾರ್ಪಟ್ಟಿತು.

ಇಂದಿಗೂ ಉಳಿದಿರುವ ಅಪಾಯವು ಬೇರೊಂದು. ಟ್ರಾನ್ಸ್‌ಫಾರ್ಮರಿನ ಒಂದೊಂದು ಅರ್ಧವೂ 300 ವೋಲ್ಟು ಕೊಡುವಲ್ಲಿ ಅಲೆಯ ಶಿಖರವು 424ಕ್ಕೆ ಏರುತ್ತದೆ. ವಾಲ್ವುಗಳು ಕಾದು ಪ್ರವಾಹವನ್ನು ಎಳೆಯುವ ಮೊದಲೇ ಸಿಲಿಕಾನ್ ಡಯೋಡುಗಳು ಈ ಒತ್ತಡವನ್ನು ಕಂಡೆನ್ಸರಿನ ಮೇಲೆ ಹೇರಿಬಿಡುತ್ತವೆ. ಗೋಡೆಯ 230 ವೋಲ್ಟು ಶೇಕಡ 6ರಷ್ಟು ಏರಿತೆಂದರೆ 450 ವೋಲ್ಟಿನ ಕಂಡೆನ್ಸರು ತನ್ನ ಮೇರೆಯನ್ನು ಮುಟ್ಟಿತು. ಆದುದರಿಂದ 500 ವೋಲ್ಟಿನದೇ ಲೇಸು. ಇಲ್ಲಿ ಜಿಪುಣತನ ಸಲ್ಲದು. ಸ್ವಿಚ್ಚನ್ನು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಪ್ರಾಣಾಂತಿಕವಾದ ವಿದ್ಯುತ್ತು ನಿಂತಿರಬಹುದು. 50 ಮೈಕ್ರೋಫ್ಯಾರಡಿನ ಕಂಡೆನ್ಸರಿಗೆ ಅಡ್ಡಲಾಗಿ 2,20,000 ಓಮಿನ, 3 ವಾಟಿನ ಒಂದು ರೋಧಕವನ್ನು ಶಾಶ್ವತವಾಗಿ ಬೆಸೆದಿಟ್ಟರೆ, ಸುಮಾರು 55 ಸೆಕೆಂಡುಗಳಲ್ಲಿ ಒತ್ತಡವು 3 ವೋಲ್ಟಿನ ಒಳಗೆ ಇಳಿಯುತ್ತದೆ. ಆ ಬೆಸುಗೆಯೂ ಬಿಟ್ಟಿರಬಹುದಾದ ಕಾರಣ, ಮೀಟರಿನಿಂದ ಅಳೆದು ನೋಡಿದ ಹೊರತು ಒಳಗೆ ಕೈಯಿಡತಕ್ಕುದಲ್ಲ.