ತಾಳಿದವನು ನೋಡಿಯಾನು!

ಮಿಯ್ಯಾರು ಕಂಬಳದ ನೇರ ಪ್ರಸಾರ. ಕೋಣಗಳು ಓಟ ಕಿತ್ತ ಕೂಡಲೇ ಮೊಬೈಲ್ ಪರದೆಯಲ್ಲಿ ಚಕ್ರ ತಿರುಗತೊಡಗಿದರೆ? ಒಳ್ಳೆಯ ಜೋಡಿಯ ಓಟ 15 ಸೆಕೆಂಡಿನೊಳಗೇ ಮುಗಿಯುತ್ತದೆ. ಚಕ್ರ ನಿಲ್ಲುವಷ್ಟರಲ್ಲಿ ಕೋಣಗಳು ಮಂಜೊಟ್ಟಿ ಏರಿರುತ್ತವೆ!

ಕಾರ್ಕಳದಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಓಡಾಡುತ್ತಾ ಬಿಇ ಓದುವ ನನಗೆ ಈ ಚಕ್ರ ಹಳೆಯ ಪರಿಚಯ. ಅದರ ಹಿಂದಿನ ಲೆಕ್ಕ ಮಾತ್ರ ಬಲು ಸರಳ.

ವಿಡಿಯೊ ಸಣ್ಣ ಸಣ್ಣ ತುಂಡುಗಳಾಗಿ ಬಂದು ಬಫರ್ ಎಂಬ ಟ್ಯಾಂಕಿನಲ್ಲಿ ತುಂಬುತ್ತದೆ. ನಾವು ನೋಡಿದಂತೆ ಟ್ಯಾಂಕ್ ಖಾಲಿಯಾಗುತ್ತದೆ. 4 ನಿಮಿಷದ ವಿಡಿಯೊಗೆ ಸೆಕೆಂಡಿಗೆ 1.5 ಮೆಗಾಬಿಟ್ ಬೇಕು, ನೆಟ್‌ವರ್ಕ್ ಕೊಡುವುದು 1 ಮೆಗಾಬಿಟ್ ಎಂದುಕೊಳ್ಳಿ. ಪೂರ್ತಿ ಬರಲು 6 ನಿಮಿಷ ಬೇಕು. 2 ನಿಮಿಷ ಕಾದು ಶುರು ಮಾಡಿದರೆ ಎಲ್ಲೂ ನಿಲ್ಲದು. ತಕ್ಷಣ ಶುರು ಮಾಡಿದರೆ ಅದೇ 2 ನಿಮಿಷವನ್ನು ನಡುನಡುವೆ ಕಂತಿನಲ್ಲಿ ಕಟ್ಟಬೇಕು! ಮೂರನೆಯ ದಾರಿ, ಚಿತ್ರದ ಗುಣಮಟ್ಟ ಇಳಿಸುವುದು. ಯೂಟ್ಯೂಬ್‌ನಲ್ಲಿ ಚಿತ್ರ ಆಗಾಗ ಮಸುಕಾಗುವುದು ಇದಕ್ಕೇ.

ಆದರೆ ನಮಗೆ ತಾಳ್ಮೆ ಎಲ್ಲಿದೆ? ಷಣ್ಮುಗ ಕೃಷ್ಣನ್ ಮತ್ತು ರಮೇಶ್ ಸೀತಾರಾಮನ್ 2012ರಲ್ಲಿ 2.3 ಕೋಟಿ ವೀಕ್ಷಣೆಗಳನ್ನು ಪರಿಶೀಲಿಸಿದ್ದರು. ವಿಡಿಯೊ ಶುರುವಾಗಲು 2 ಸೆಕೆಂಡು ಮೀರಿದರೆ ಜನ ಎದ್ದು ಹೋಗತೊಡಗುತ್ತಾರೆ, ನಂತರದ ಪ್ರತಿ ಸೆಕೆಂಡಿಗೆ ಬಿಟ್ಟುಹೋಗುವವರ ಪ್ರಮಾಣ ಶೇ 5.8ರಷ್ಟು ಏರುತ್ತದೆ ಎಂದು ಅವರು ಕಂಡುಕೊಂಡರು. ಹಾಗೆಂದು ಅವಸರಕ್ಕೆ ಶುರು ಮಾಡಿದರೂ ಕಷ್ಟವೇ. ವಿಡಿಯೊ ಅವಧಿಯ ಶೇ 1ರಷ್ಟು ಹೊತ್ತು ನಡುವೆ ನಿಂತರೆ ಜನ ನೋಡುವುದು ಶೇ 5ರಷ್ಟು ಕಡಿಮೆಯಾಗುತ್ತದಂತೆ.

ಹಾಗಾದರೆ ಯಾವುದು ಸರಿ? ಅದು ನೋಡುವ ವಿಷಯದ ಮೇಲೆ ನಿಂತಿದೆ. ಅರ್ಧ ನಿಮಿಷದ ರೀಲ್ಸ್ ತಕ್ಷಣ ಶುರುವಾಗಬೇಕು. ಒಂದು ಗಂಟೆಯ ಎನ್‌ಪಿಟಿಇಎಲ್ ಪಾಠ ಸ್ವಲ್ಪ ತಡವಾದರೂ ನಡುವೆ ನಿಲ್ಲಬಾರದು. ಕಾಲೇಜಿನ ವೈಫೈಯಲ್ಲೇ ಡೌನ್‌ಲೋಡ್ ಮಾಡಿಕೊಂಡರೆ ಬಸ್ಸಿನಲ್ಲಿ ಆರಾಮ. ನೇರ ಪ್ರಸಾರದಲ್ಲಿ ಕಾಯುವುದೆಂದರೆ ಹಿಂದುಳಿಯುವುದು. ಆದರೂ ಉಡುಪಿ ಜೋಡುಕಟ್ಟೆಯಿಂದ ಹೊರಟ ಪರ್ಯಾಯ ಮೆರವಣಿಗೆ 20 ಸೆಕೆಂಡು ತಡವಾಗಿ ಕಂಡರೆ ನಷ್ಟವೇನಿಲ್ಲ.

ಕಷ್ಟವಿರುವುದು ಆನ್‌ಲೈನ್ ಇಂಟರ್‌ವ್ಯೂನಲ್ಲಿ. ಇನ್ನೂ ಆಡದ ಮಾತನ್ನು ಮೊದಲೇ ಟ್ಯಾಂಕಿಗೆ ತುಂಬಿಸಿಡುವುದು ಹೇಗೆ? ಅಲ್ಲಿ ಬಫರ್‌ನ ಆಸರೆ ಇಲ್ಲವೆಂದೇ ಹೇಳಬಹುದು. ಕಾಪುವಿನ ಗೆಳೆಯನೊಬ್ಬ ಇಂಟರ್‌ವ್ಯೂನ ಮುನ್ನಾದಿನ ಅದೇ ಹೊತ್ತಿಗೆ, ಅದೇ ಕೋಣೆಯಿಂದ ನನಗೆ ವಿಡಿಯೊ ಕಾಲ್ ಮಾಡಿ ಪರೀಕ್ಷಿಸಿಕೊಳ್ಳುತ್ತಾನೆ. ಮನೆಯವರ ಮೊಬೈಲ್‌ಗಳನ್ನು ಆ ಹೊತ್ತಿಗೆ ವೈಫೈಯಿಂದ ಬಿಡಿಸುತ್ತಾನೆ. ಧ್ವನಿ ತುಂಡಾದರೆ ಅನುಮತಿ ಕೇಳಿ ಕ್ಯಾಮೆರಾ ಆಫ್ ಮಾಡುತ್ತಾನೆ. ನೆಟ್‌ವರ್ಕ್ ಎಷ್ಟೇ ಸಣ್ಣದಿರಲಿ, ಉತ್ತರ ಅವರ ಕಿವಿ ತಲುಪಿದರೆ ಸಾಕಲ್ಲ!