ಕತ್ತಲ ನೀರಿನೊಳಗಿನ ಕಾಯಕ

ಕಾಯಕವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ಹೊಲದ ಒಕ್ಕಲಿಗ, ಮಗ್ಗದ ನೇಕಾರ, ಕುಲುಮೆಯ ಕಮ್ಮಾರ. ಆದರೆ ನೀರನ್ನು ನೆಚ್ಚಿ ಬದುಕಿದ ಕಾಯಕಜೀವಿಗಳೂ ಶರಣ ಸಮೂಹದಲ್ಲಿದ್ದರು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ನುಲಿಯ ಚಂದಯ್ಯನವರು ಕೆರೆಯ ಹುಲ್ಲು ಕೊಯ್ದು ಹಗ್ಗ ಹೊಸೆದರು. ಹುಲ್ಲು ಕೊಯ್ಯುತ್ತಿದ್ದಾಗ ಲಿಂಗವೇ ನೀರಿಗೆ ಜಾರಿ ಬಿದ್ದರೂ ಚಂದಯ್ಯನವರು ಹಿಡಿದ ಕಾಯಕವನ್ನು ಬಿಡಲಿಲ್ಲವೆಂಬ ಕಥೆಯನ್ನು ನಾವೆಲ್ಲ ಹಿರಿಯರ ಬಾಯಿಂದ ಕೇಳಿದ್ದೇವೆ. ಅಂಥದೇ ನಿಷ್ಠೆಯಿಂದ ನೀರಿನೊಳಗೇ ದುಡಿದ ಒಬ್ಬ ಪರದೇಶದ ಕಾಯಕಜೀವಿಯ ಸಂಗತಿಯನ್ನು ಇಲ್ಲಿ ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

ಇಂಗ್ಲೆಂಡಿನ ವಿಂಚೆಸ್ಟರ್ ನಗರದಲ್ಲಿ ಒಂದು ಪುರಾತನ ಕ್ರೈಸ್ತ ದೇವಾಲಯವಿದೆ. ಅದರ ನಿರ್ಮಾಣ ಆರಂಭವಾದದ್ದು 1079ರಲ್ಲಿ. 13ನೆಯ ಶತಮಾನದ ಆದಿಭಾಗದಲ್ಲಿ ಪೂರ್ವದ ಕಡೆ ಅದನ್ನು ವಿಸ್ತರಿಸಿದಾಗ, ಅಲ್ಲಿನ ಜೌಗು ನೆಲದ ಮೇಲೆ ಬೀಚ್ ಮರದ ದಿಮ್ಮಿಗಳನ್ನು ಹಾಸಿ ಅವುಗಳ ಮೇಲೆ ಕಲ್ಲಿನ ಗೋಡೆಗಳನ್ನೆಬ್ಬಿಸಿದರು. ದಿಮ್ಮಿಗಳ ಕೆಳಗಿದ್ದುದು ಪೀಟ್ ಎಂಬ, ಕೊಳೆತ ಸಸ್ಯಗಳಿಂದಾದ ಮೆತ್ತನೆಯ ಮಣ್ಣು. ಶತಮಾನಗಳು ಉರುಳಿದಂತೆ ಗೋಡೆಗಳು ಕುಸಿದು ವಾಲಿದವು. 20ನೆಯ ಶತಮಾನ ಕಾಲಿಡುವ ಹೊತ್ತಿಗೆ ದೊಡ್ಡ ಬಿರುಕುಗಳು ಬಾಯ್ದೆರೆದು ಕಲ್ಲಿನ ಚೂರುಗಳು ಉದುರತೊಡಗಿದ್ದವು.

ವಾಸ್ತುಶಿಲ್ಪಿ ಥಾಮಸ್ ಜಾಕ್ಸನ್ ಮತ್ತು ಇಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ತಳಪಾಯವನ್ನು ಪರೀಕ್ಷಿಸಿದರು. ಪೀಟ್ ಮಣ್ಣಿನ ಕೆಳಗೆ ಗಟ್ಟಿಯಾದ ಗರಸು ಪದರವಿತ್ತು. ಗೋಡೆಯ ಭಾರವನ್ನು ಅದರ ಮೇಲೆ ಹೊರಿಸಿದರೆ ದೇವಾಲಯ ಉಳಿಯುತ್ತಿತ್ತು. ಆದರೆ ಅಗೆದ ಗುಂಡಿಗಳಿಗೆ ಅಂತರ್ಜಲ ನುಗ್ಗಿತು. ಅದನ್ನು ಪಂಪಿನಿಂದ ಹೊರಹಾಕೋಣವೆಂದರೆ ನೀರಿನೊಡನೆ ಅಡಿಪಾಯದ ನುಣ್ಣನೆಯ ಮಣ್ಣೂ ಕೊಚ್ಚಿ ಬಂದು, ಉಳಿಸಬೇಕಾದ ಗೋಡೆಯೇ ಉರುಳುವ ಭಯ. ನೀರನ್ನು ತೆಗೆಯುವಂತಿರಲಿಲ್ಲ, ನೀರಿನೊಳಗೇ ಇಳಿದು ಕೆಲಸ ಮಾಡುವ ಮನುಷ್ಯ ಬೇಕಾಗಿತ್ತು.

ಹಾಗೆ ಬಂದವನು ವಿಲಿಯಂ ವಾಕರ್ ಎಂಬ ಅನುಭವೀ ಮುಳುಗುಗಾರ. 1906ರಿಂದ 1911ರವರೆಗೆ ಆತ ಸುಮಾರು 6 ಮೀಟರ್ ಆಳದವರೆಗಿನ ನೀರಿನಲ್ಲಿ ದಿನಕ್ಕೆ 6 ಗಂಟೆ ದುಡಿದ. ಮಣ್ಣು ಕದಡಿ ನೀರು ಎಷ್ಟು ಕಪ್ಪಾಗಿತ್ತೆಂದರೆ ದೀಪವಿದ್ದೂ ಪ್ರಯೋಜನವಿರಲಿಲ್ಲ. ಕೈಯ ಸ್ಪರ್ಶವೇ ಅವನ ಕಣ್ಣು. ಉಡುಪು, ಲೋಹದ ಶಿರಸ್ತ್ರಾಣ, ಸೀಸದ ಪಾದರಕ್ಷೆಗಳೆಲ್ಲ ಸೇರಿ ಸುಮಾರು 90 ಕಿಲೋ ಭಾರ. ಅದನ್ನು ಕಳಚಿ ತೊಡುವುದೇ ದೊಡ್ಡ ಕೆಲಸವಾದ್ದರಿಂದ ಬಿಡುವಿನ ವೇಳೆಯಲ್ಲಿ ಶಿರಸ್ತ್ರಾಣವನ್ನಷ್ಟೇ ತೆಗೆಯುತ್ತಿದ್ದನಂತೆ.

ಕೆಲಸದ ಕ್ರಮ ಹೀಗಿತ್ತು. ಗೋಡೆಯನ್ನೆಲ್ಲ ಒಮ್ಮೆಗೇ ಕೆದಕದೆ ಸಣ್ಣ ಸಣ್ಣ ಗುಂಡಿಗಳಾಗಿ ಅಗೆಯುತ್ತಿದ್ದರು. ವಾಕರ್ ಕೆಳಗಿಳಿದು ಉಳಿದ ಪೀಟ್ ಮಣ್ಣನ್ನು ಬಗೆದು, ಗರಸಿನ ಮೇಲೆ ಕಾಂಕ್ರೀಟು ತುಂಬಿದ ಚೀಲಗಳನ್ನು ಒತ್ತೊತ್ತಾಗಿ ಜೋಡಿಸಿ, ಅವು ಒಂದಕ್ಕೊಂದು ಬೆಸೆಯುವಂತೆ ಸೀಳುತ್ತಿದ್ದ. ಕಾಂಕ್ರೀಟು ಗಟ್ಟಿಯಾಗಿ ಕೆಳಗಿನಿಂದ ನೀರೇಳುವುದು ನಿಂತ ಮೇಲೆ ಗುಂಡಿಯನ್ನು ಬರಿದು ಮಾಡಿ, ಗಾರೆಯವರು ಹಳೆಯ ಗೋಡೆಯ ಬುಡದವರೆಗೆ ಕಟ್ಟಿಕೊಂಡು ಬರುತ್ತಿದ್ದರು. ಒಟ್ಟು 25,800 ಚೀಲ ಕಾಂಕ್ರೀಟು, 1,14,900 ಕಾಂಕ್ರೀಟು ಗಟ್ಟಿಗಳು, 9 ಲಕ್ಷ ಇಟ್ಟಿಗೆಗಳು ಅಲ್ಲಿ ನೆಲದೊಳಗೆ ಸೇರಿದವೆಂದು ಲೆಕ್ಕವಿದೆ. ಕಣ್ಣಿಗೆ ಕಾಣುವುದು ಅವುಗಳಲ್ಲಿ ಒಂದೂ ಇಲ್ಲ!

ಇಂದು ಸೇತುವೆಯ ಕಂಬ, ಬಂದರಿನ ಕಟ್ಟೆ, ಅಣೆಕಟ್ಟಿನ ಗೋಡೆಗಳನ್ನು ದುರಸ್ತಿ ಮಾಡುವ ಮುಳುಗುಗಾರರು ಇದೇ ಕಾಯಕದ ವಾರಸುದಾರರು. ಅವರು ಮೊದಲು ಪಾಚಿಯನ್ನೂ ಸಡಿಲವಾದ ಕಾಂಕ್ರೀಟನ್ನೂ ರಭಸದ ನೀರಿನ ಧಾರೆಯಿಂದ ಕಿತ್ತು, ತುಕ್ಕು ಹಿಡಿದ ಕಬ್ಬಿಣವನ್ನು ಶುಚಿಗೊಳಿಸಿ, ಸುತ್ತ ಅಚ್ಚು ಕಟ್ಟುತ್ತಾರೆ. ಕಾಂಕ್ರೀಟನ್ನು ನೀರಿಗೆ ಹಾಗೆಯೇ ಸುರಿದರೆ ಸಿಮೆಂಟು ತೊಳೆದು ಹೋಗುತ್ತದೆ. ಆದ್ದರಿಂದ ಅಚ್ಚಿನ ತಳದವರೆಗೆ ಕೊಳವೆ ಇಳಿಸಿ, ಅದರ ಬಾಯಿ ಸದಾ ಹಸಿ ಕಾಂಕ್ರೀಟಿನೊಳಗೇ ಹೂತಿರುವಂತೆ ತುಂಬುತ್ತಾರೆ. ಕಾಂಕ್ರೀಟು ಕೆಳಗಿನಿಂದ ಉಬ್ಬುತ್ತ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಣ್ಣ ಬಿರುಕುಗಳಿಗೆ ಎಪಾಕ್ಸಿ ಅಂಟನ್ನು ಒತ್ತಡದಿಂದ ತುಂಬುವುದೂ ಉಂಟು.

ಅಪಾಯವೇನು ಕಡಿಮೆಯೇ? ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆಗ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ ಕರಗುತ್ತದೆ. ಅವಸರದಿಂದ ಮೇಲೇರಿದರೆ ಅದು ಗುಳ್ಳೆಗಳಾಗಿ ಕೀಲುನೋವು, ಪಾರ್ಶ್ವವಾಯು, ಸಾವನ್ನೂ ತರಬಲ್ಲದು. ಹಂತ ಹಂತವಾಗಿ ಮೇಲೇರುವ ಕ್ರಮವನ್ನು ಹಾಲ್ಡೇನ್ ಎಂಬ ವಿಜ್ಞಾನಿ 1908ರಲ್ಲಿ ತಮ್ಮ ಸಂಗಡಿಗರೊಡನೆ ಪ್ರಕಟಿಸಿದರು. ಅಣೆಕಟ್ಟಿನ ಬಳಿ ಇನ್ನೊಂದು ಭಯವಿದೆ. ಗೋಡೆಯಾಚೆ ನೀರು ತಗ್ಗಿದ್ದು, ತೂಬು ಕೊಂಚ ತೆರೆದಿದ್ದರೂ ಆ ಸೆಳೆತ ಮನುಷ್ಯನನ್ನು ಅಲ್ಲಿಗೇ ಅದುಮಿ ಹಿಡಿದುಬಿಡುತ್ತದೆ, ಬಲದಿಂದ ಬಿಡಿಸಿಕೊಳ್ಳಲಾಗದು. ಆದ್ದರಿಂದ ತೂಬುಗಳನ್ನು ಮುಚ್ಚಿ ಬೀಗ ಹಾಕಿದ ಮೇಲೆಯೇ ಇಳಿಯಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಗಾಳಿಯ ಕೊಳವೆಯನ್ನು ಕಾಯುತ್ತ ಮೇಲೆ ನಿಂತವನ ಎಚ್ಚರವೇ ಕೆಳಗಿನವನ ಪ್ರಾಣ.

1912ರ ಜುಲೈಯಲ್ಲಿ ವಿಂಚೆಸ್ಟರಿನಲ್ಲಿ ಕೃತಜ್ಞತಾ ಪೂಜೆ ನಡೆದಾಗ ದೊರೆ ಐದನೆಯ ಜಾರ್ಜ್ ಸ್ವತಃ ಬಂದಿದ್ದರು. ವಾಕರ್‌ಗೆ ರಾಜಗೌರವ ದೊರೆಯಿತು. 1918ರ ಇನ್‌ಫ್ಲುಯೆಂಜಾ ಮಾರಿಗೆ ಆತ ಬಲಿಯಾದ. ಮುಂದೆ ಅವನ ನೆನಪಿಗೆಂದು ಒಂದು ಪ್ರತಿಮೆ ಮಾಡಿಸಿದಾಗ ವಿಚಿತ್ರ ಪ್ರಮಾದವೊಂದು ನಡೆಯಿತು. ಮುಳುಗುಗಾರನ ಉಡುಪಿನ ಮೇಲೆ ಮೂಡಿದ್ದು ಇಂಜಿನಿಯರ್ ಫಾಕ್ಸ್ ಅವರ ಮುಖ! ವಾಕರನದೇ ಮುಖದ ಪ್ರತಿಮೆ ಅಲ್ಲಿ ನೆಲೆಗೊಂಡದ್ದು 2001ರಲ್ಲಿ.

ಇದು ಬರಿಯ ಶಿಲ್ಪದ ತಪ್ಪೆಂದು ನಮಗನಿಸುವುದಿಲ್ಲ. ಯೋಜನೆ ಹಾಕಿದವರ ಮುಖ ನೆನಪಿಟ್ಟು ಕೈ ಕೆಸರು ಮಾಡಿಕೊಂಡವರ ಮುಖ ಮರೆಯುವುದು ಎಲ್ಲ ಸಮಾಜಗಳ ರೋಗ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರಿದ ಶರಣರ ಮಕ್ಕಳಾದ ನಾವೂ ಇದಕ್ಕೆ ಹೊರತೆಂದು ಎದೆ ಮುಟ್ಟಿ ಹೇಳಲಾರೆವು. ನಮ್ಮ ಮನೆಯ ಬಾವಿಗಿಳಿದು ಹೂಳೆತ್ತಿದವನ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ? ಮುಂದೊಮ್ಮೆ ಸೇತುವೆ ದಾಟುವಾಗ, ಅಣೆಕಟ್ಟಿನ ಮೇಲೆ ಮಕ್ಕಳ ಕೈ ಹಿಡಿದು ನಡೆಯುವಾಗ, ಕೆಳಗೆ ಕತ್ತಲಲ್ಲಿ ತಡವರಿಸಿ ಅದನ್ನು ನಿಲ್ಲಿಸಿದ ಕೈಗಳ ಸಂಗತಿಯನ್ನೂ ಅವರಿಗೆ ಹೇಳೋಣ. ಕಾಣದ ಕಾಯಕಕ್ಕೆ ಸಲ್ಲಬೇಕಾದ ಶರಣಾರ್ಥಿ ಅಲ್ಲಿಂದಲೇ ಆರಂಭವಾಗಲಿ.